ಗಿಳಿಯ ಬಟ್ಟಲಿನಿಂದ ಕಾಳನ್ನು ಒಮ್ಮೆಲೇ ತೆಗೆಯಬಹುದೇ?

ಬೂದುಗರಿ: ನಮ್ಮ ಆಫ್ರಿಕನ್ ಗ್ರೇ ಗಿಳಿಗೆ ಈಗ ಆರು ವರ್ಷ. ಇಷ್ಟು ದಿನ ಅದು ತಿಂದಿದ್ದು ಬಹುಪಾಲು ಸೂರ್ಯಕಾಂತಿ ಬೀಜವನ್ನೇ. ಅದು ಸರಿಯಲ್ಲವೆಂದು ತಿಳಿದ ಮೇಲೆ ಮೊನ್ನೆ ಬೀಜವನ್ನೆಲ್ಲ ತೆಗೆದು ಪೆಲೆಟ್ (ಗಿಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ಇಟ್ಟಿದ್ದೇನೆ. ಗಿಳಿ ಅದನ್ನು ಕೊಕ್ಕಿನಿಂದ ಎತ್ತಿ ಕೆಳಗೆ ಬೀಳಿಸುತ್ತದೆಯೇ ಹೊರತು ನುಂಗುತ್ತಿಲ್ಲ, ಹಿಕ್ಕೆಯೂ ಕಡಿಮೆಯಾಗಿದೆ. ಹೀಗೆಯೇ ಮುಂದುವರಿಸಬಹುದೇ?

ಕೊಂಬೆ: ಖಂಡಿತ ಮುಂದುವರಿಸಿ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ವಿಪರೀತ, ಕ್ಯಾಲ್ಸಿಯಂ ಅತ್ಯಲ್ಪ, ಎ ಜೀವಸತ್ವವಂತೂ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಅದನ್ನೇ ತಿಂದ ಗಿಳಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ನಿಮ್ಮ ಜಾತಿಯ ಗಿಳಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಸೆಳವು ಬರುವುದೂ ಉಂಟು. ನೀವು ಕನಿಕರಪಟ್ಟು ಮತ್ತೆ ಬೀಜ ಹಾಕಿದರೆ, ಹಟ ಹಿಡಿದರೆ ಬೀಜ ಸಿಗುತ್ತದೆಂದು ಅದು ಕಲಿಯುತ್ತದೆ. ಹಸಿವಾದಾಗ ತಾನಾಗಿಯೇ ತಿನ್ನುತ್ತದೆ.

ಪಕ್ಷಿವೈದ್ಯೆ: ಬೀಜದ ದೋಷಗಳ ಬಗ್ಗೆ ಕೊಂಬೆಯವರು ಹೇಳಿದ್ದು ನಿಜ, ಆದರೆ ಕೊನೆಯ ಮಾತನ್ನು ನಾನು ಒಪ್ಪಲಾರೆ. ಬೂದುಗರಿಯವರೇ, ದಯವಿಟ್ಟು ಈಗಲೇ ಬೀಜವನ್ನು ಮರಳಿ ಇಡಿ. ಆರು ವರ್ಷ ಒಂದೇ ಆಹಾರ ಕಂಡ ಗಿಳಿಗೆ ಪೆಲೆಟ್ ತಿನ್ನುವ ವಸ್ತುವೆಂಬ ಅರಿವೇ ಇರುವುದಿಲ್ಲ. ಅದನ್ನು ಹಟವೆಂದು ಕರೆಯುವುದು ಅನ್ಯಾಯ. ಹಿಕ್ಕೆ ಕಡಿಮೆಯಾಗಿ ಕಡುಹಸಿರು ಬಣ್ಣಕ್ಕೆ ತಿರುಗಿದ್ದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲವೆಂದೇ ತಿಳಿಯಬೇಕು. ಯಕೃತ್ತು ಮೊದಲೇ ಕೆಟ್ಟಿದ್ದರೆ ಉಪವಾಸದಿಂದ ಅದು ಮತ್ತಷ್ಟು ಹದಗೆಡುತ್ತದೆ. ಪಕ್ಷಿಗಳು ಕಾಯಿಲೆಯನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ, ಗರಿಗಳ ಅಡಿಯಲ್ಲಿ ಎದೆಮೂಳೆ ಚೂಪಾಗುತ್ತ ಬಂದರೂ ನೋಡುವವರಿಗೆ ಗಿಳಿ ಗುಂಡಗೆಯೇ ಕಾಣುತ್ತದೆ. ಆದ್ದರಿಂದ ಗ್ರಾಂ ಲೆಕ್ಕ ತೋರಿಸುವ ತಕ್ಕಡಿಯೊಂದನ್ನು ಇಟ್ಟುಕೊಂಡು, ಪ್ರತಿದಿನ ಬೆಳಿಗ್ಗೆ ಆಹಾರ ಕೊಡುವ ಮೊದಲು ತೂಕ ನೋಡಿ ಬರೆದಿಡಿ. ಮೊದಲಿನ ತೂಕದಲ್ಲಿ ಶೇಕಡಾ 10ರಷ್ಟು ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಕೊಂಬೆ: ತೂಕದ ವಿಚಾರವನ್ನು ನಾನು ಹೇಳದೆ ಬಿಟ್ಟದ್ದು ತಪ್ಪು, ಒಪ್ಪುತ್ತೇನೆ. ಆದರೂ ಬೀಜ ಎದುರಿಗೇ ಇದ್ದರೆ ಗಿಳಿ ಬೇರೆಯದನ್ನು ಮುಟ್ಟುವುದಾದರೂ ಏಕೆ? ಎರಡನ್ನೂ ಬೆರೆಸಿಟ್ಟಾಗ ಬೀಜವನ್ನಷ್ಟೇ ಆರಿಸಿ ತಿನ್ನುವುದನ್ನು ನಾನೇ ನೋಡಿದ್ದೇನೆ.

ಪಕ್ಷಿವೈದ್ಯೆ: ಬೆರೆಸಬಾರದು, ಹೊತ್ತು ಬೇರೆ ಮಾಡಬೇಕು. ಬೆಳಿಗ್ಗೆ ಹಸಿವು ಹೆಚ್ಚಿರುವಾಗ ಪೆಲೆಟ್ಟಿನ ಜೊತೆಗೆ ಸಣ್ಣಗೆ ಹೆಚ್ಚಿದ ಕ್ಯಾರೆಟ್, ಕೆಂಪು ದೊಣ್ಣೆಮೆಣಸಿನಕಾಯಿ, ಹಸಿರು ಸೊಪ್ಪು ಇಡಿ, ಎರಡು ಗಂಟೆ ಕಳೆದ ಮೇಲೆ ಅಳೆದ ಬೀಜ ಕೊಡಿ. ಗಿಳಿ ಗುಂಪಿನಲ್ಲಿ ಉಣ್ಣುವ ಪ್ರಾಣಿ. ನೀವು ಅದರೆದುರು ಕುಳಿತು ಅದೇ ಕ್ಯಾರೆಟ್ಟನ್ನು ಸವಿದು ತಿಂದರೆ ಎಷ್ಟೋ ಬಾರಿ ತಾನೂ ಕೇಳುತ್ತದೆ. ಈ ಬದಲಾವಣೆಗೆ ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕಾಗುತ್ತವೆ.

ಮಕರಂದ: ನಾನು ಸಾಕಿರುವುದು ಲೋರಿಕೀಟ್ ಎಂಬ ಬೇರೆ ಬಗೆಯ ಗಿಳಿ. ಅದರ ನಾಲಿಗೆಯ ತುದಿ ಕುಂಚದಂತಿದ್ದು ಮಕರಂದ ಮತ್ತು ಪರಾಗ ಹೀರಲು ಹೊಂದಿಕೊಂಡಿದೆ, ಒಣಬೀಜ ಅದಕ್ಕೆ ಹೇಳಿಸಿದ್ದಲ್ಲ. ಇಲ್ಲಿಯ ಸಲಹೆಯನ್ನು ಓದುವವರು ತಮ್ಮ ಪಕ್ಷಿಯ ಜಾತಿ ಯಾವುದೆಂದು ಮೊದಲು ನೋಡಿಕೊಳ್ಳಲಿ. ಇನ್ನೊಂದು ಮಾತು, ಹೊಸ ಆಹಾರದ ಉತ್ಸಾಹದಲ್ಲಿ ಬೆಣ್ಣೆಹಣ್ಣನ್ನಾಗಲಿ ಚಾಕೊಲೇಟನ್ನಾಗಲಿ ಯಾವ ಗಿಳಿಗೂ ಕೊಡಬೇಡಿ, ಎರಡೂ ವಿಷ. ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಹೊಗೆಯೂ ಅವುಗಳ ಪ್ರಾಣ ತೆಗೆಯುತ್ತದೆ, ಆದ್ದರಿಂದ ಪಂಜರವನ್ನು ಅಡುಗೆಮನೆಯಿಂದ ದೂರ ಇಡಿ.

ಬೂದುಗರಿ: ಬೀಜ ಮರಳಿ ಇಟ್ಟ ಕೂಡಲೇ ಗಿಳಿ ಬಟ್ಟಲಿಗೆ ಮುಖ ಹಾಕಿ ತಿಂದಿತು, ಸಂಜೆಯ ಹೊತ್ತಿಗೆ ಹಿಕ್ಕೆಯೂ ಸರಿಯಾಯಿತು. ಇಂದು ಬೆಳಿಗ್ಗೆ ತೂಗಿದಾಗ 431 ಗ್ರಾಂ ಇತ್ತು, ಮೊದಲಿನ ತೂಕ ನನ್ನಲ್ಲಿಲ್ಲ. ನಾಳೆ ವೈದ್ಯರಿಗೆ ತೋರಿಸಿ, ರಕ್ತಪರೀಕ್ಷೆ ಮುಗಿದ ಮೇಲೆಯೇ ಕ್ಯಾರೆಟ್ಟಿನಿಂದ ಆರಂಭಿಸುತ್ತೇನೆ.