ಎಪಿಎಸ್ ಇರುವ ಗರ್ಭಿಣಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಬಹುದಾ?

ಪ್ರಶ್ನೆ: ಮೇಡಂ, ನನ್ನ ತಂಗಿಗೆ ಈಗ 34 ವಾರ. ಹೋದ ಸಲ ಐದನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು, ಆಮೇಲೆ ಟೆಸ್ಟ್ ಮಾಡಿಸಿದಾಗ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಎಪಿಎಸ್), ಅಂದರೆ ರಕ್ತ ಬೇಡದ ಕಡೆ ಹೆಪ್ಪುಗಟ್ಟುವ ಕಾಯಿಲೆ ಅಂದರು. ದಿನಾ ರಾತ್ರಿ ಹೊಟ್ಟೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಇಂಜೆಕ್ಷನ್ 40 ಎಂಜಿ, ಜೊತೆಗೆ ಆಸ್ಪಿರಿನ್ 75 ಎಂಜಿ. ರಿಪೋರ್ಟಿನಲ್ಲಿ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅನ್ನೋ ಟೆಸ್ಟ್) ಜಾಸ್ತಿ ಬಂದಿದೆ. ರಕ್ತ ಬೇಗ ಹೆಪ್ಪುಗಟ್ಟಲ್ಲ ಅಂತ ತಾನೇ ಅರ್ಥ? ಸಿಸೇರಿಯನ್ ಆದರೆ ಸ್ಪೈನಲ್ (ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್) ಕೊಡುತ್ತಾರಾ?

ಉತ್ತರ (ಅನಸ್ತೇಶಿಯಾ ವೈದ್ಯೆ): ಸಾಮಾನ್ಯವಾಗಿ ಕೊಡುತ್ತೇವೆ. ಎಪಿಟಿಟಿ ನೋಡಿ ಹೆದರಬೇಡಿ. ಈ ಕಾಯಿಲೆಯಲ್ಲಿ ರಕ್ತದಲ್ಲಿ ಇರುವ ಲೂಪಸ್ ಆಂಟಿಕೋಆಗ್ಯುಲೆಂಟ್ ಅನ್ನೋ ಪ್ರತಿಕಾಯ (ಆಂಟಿಬಾಡಿ) ಲ್ಯಾಬಿನ ಟ್ಯೂಬಿನಲ್ಲಿ ಟೆಸ್ಟನ್ನು ತಡಮಾಡುತ್ತದೆ, ಮೈಯೊಳಗೆ ಮಾತ್ರ ಉಲ್ಟಾ, ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತದೆ. ಆದರೆ ಬೇರೆ ಕಾರಣ ಇಲ್ಲ ಅಂತ ರಕ್ತರೋಗ ತಜ್ಞರು ಒಮ್ಮೆ ಖಚಿತ ಮಾಡಿರಬೇಕು.

ನಮಗೆ ನಿಜವಾಗಿ ಬೇಕಾದದ್ದು ಕೊನೆಯ ಎನಾಕ್ಸಪರಿನ್ ಎಷ್ಟು ಗಂಟೆಗೆ ತಗೊಂಡರು ಅನ್ನೋದು. 40 ಎಂಜಿ ಆದರೆ ಕನಿಷ್ಠ 12 ಗಂಟೆ ಬಿಡುತ್ತೇವೆ. ತೂಕ ನೋಡಿ ಕೊಡುವ ಪೂರ್ತಿ ಡೋಸ್ ಆದರೆ 24 ಗಂಟೆ. ಮೊದಲೇ ಸೂಜಿ ಹಾಕಿದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿಕೊಂಡು ಕಾಲಿನ ಬಲವೇ ಹೋಗಬಹುದು. ಅಪರೂಪ, ಆದರೂ ಅದಕ್ಕೇ ಇಷ್ಟು ಗಂಟೆ ಲೆಕ್ಕ. ಆಸ್ಪಿರಿನ್ ಒಂದೇ ಇದ್ದರೆ ಸ್ಪೈನಲ್‌ಗೆ ಅಡ್ಡಿಯಿಲ್ಲ. ಪ್ಲೇಟ್ಲೆಟ್ ಕೂಡ ನೋಡುತ್ತೇವೆ, ಯಾಕಂದ್ರೆ ಈ ಕಾಯಿಲೆಯಲ್ಲಿ ಅದು ಇಳಿಯುವುದುಂಟು. 70 ಸಾವಿರದ ಮೇಲಿದ್ದು ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಧೈರ್ಯ ಮಾಡುತ್ತೇವೆ.

ಪ್ರಶ್ನೆ: ರಾತ್ರಿ ಇಂಜೆಕ್ಷನ್ ತಗೊಂಡ ಮೇಲೆ ನೋವು ಶುರುವಾದರೆ?

ಉತ್ತರ: ನೋವು ಬಂದ ಹಾಗೆ ಅನ್ನಿಸಿದರೆ, ನೀರು ಹೋದರೆ, ಮುಂದಿನ ಡೋಸ್ ಚುಚ್ಚದೆ ಆಸ್ಪತ್ರೆಗೆ ಫೋನ್ ಮಾಡಿ. ಆಗಲೇ ಚುಚ್ಚಿಕೊಂಡಿದ್ದು ತುರ್ತಾಗಿ ಸಿಸೇರಿಯನ್ ಬೇಕಾದರೆ ಜನರಲ್ ಅನಸ್ತೇಶಿಯಾ (ಪೂರ್ತಿ ಪ್ರಜ್ಞೆ ತಪ್ಪಿಸುವುದು) ಕೊಡುತ್ತೇವೆ, ಮಗುವಿನ ದೃಷ್ಟಿಯಿಂದ ಅಷ್ಟು ಗಂಟೆ ಕಾಯಲು ಆಗಲ್ಲ. ಫೈಲಿನ ಮೇಲೆ ದಿನಾ ಡೋಸ್ ಮತ್ತು ಟೈಮ್ ದಪ್ಪಕ್ಷರದಲ್ಲಿ ಬರೆದಿಡಿ. ‘ನಿನ್ನೆ ರಾತ್ರಿ ಊಟ ಆದ ಮೇಲೆ’ ಅಂದರೆ ಎಂಟೋ ಹನ್ನೊಂದೋ ಹೇಗೆ ಗೊತ್ತಾಗಬೇಕು ಹೇಳಿ! ಈ ವಾರವೇ ಅಲ್ಲಿನ ಅನಸ್ತೇಶಿಯಾದವರನ್ನು ಒಮ್ಮೆ ಕಂಡು ಬನ್ನಿ. ಹಾಗಂತ ಹೆದರಿ ನೀವಾಗಿಯೇ ಇಂಜೆಕ್ಷನ್ ನಿಲ್ಲಿಸಬೇಡಿ.

ಪ್ರಶ್ನೆ: ಹೆರಿಗೆ ಆದ ಮೇಲೆ ಎನಾಕ್ಸಪರಿನ್ ಬಿಡಬಹುದಾ?

ಉತ್ತರ: ಇಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಹೆರಿಗೆ ಆದ ಮೇಲೆಯೇ ಜಾಸ್ತಿ. ಯಾವಾಗ ಮತ್ತೆ ಶುರು ಮಾಡಬೇಕು ಅಂತ ನಾವು ಹೇಳುತ್ತೇವೆ, ಸಾಮಾನ್ಯವಾಗಿ 6 ವಾರ ಮುಂದುವರಿಸಬೇಕು. ಎದೆಹಾಲು ಕೊಡಬಹುದು. ಬಾಣಂತಿ ಅಂತ ಸುಮ್ನೆ ಮಲಗಿಸಿಬಿಡಬೇಡಿ, ಮೆಲ್ಲಗೆ ಓಡಾಡಲಿ. ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ, ಸ್ಪೈನಲ್ ಆದ ಮೇಲೆ ಕಾಲಿನ ಮರಗಟ್ಟುವಿಕೆ ಬಿಟ್ಟು ಮತ್ತೆ ಬಂದರೆ ತಕ್ಷಣ ನರ್ಸ್‌ಗೆ ಹೇಳಿ.