ಅಪ್ಪನಿಗೆ ಮೊದಲ ಸಿಂಗಲ್ ಮಾಲ್ಟ್: ಅನುಭವ ಇದ್ದವರು ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಅಪ್ಪನಿಗೆ 60 ತುಂಬುತ್ತೆ. ಭಾನುವಾರಕ್ಕೊಮ್ಮೆ ಸೋಡಾ ಬೆರೆಸಿ ಒಂದು ಲಾರ್ಜ್ (60 ಎಂಎಲ್) ತೊಗೊಳ್ಳೋರು, ಅಷ್ಟೇ. ಈ ಸಲ ಅವರಿಗೆ ಅಂತ ಅಮೃತ್ ಫ್ಯೂಷನ್ ಅನ್ನೋ ಸಿಂಗಲ್ ಮಾಲ್ಟ್ ವಿಸ್ಕಿ (ಒಂದೇ ಡಿಸ್ಟಿಲರಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ಮಾಡಿದ್ದು) ತಂದಿಟ್ಟಿದ್ದೀನಿ. ಇದಕ್ಕೂ ಸೋಡಾ ಹಾಕೋದಾ? ಬಾರಿಗೆ ಕರ್ಕೊಂಡು ಹೋದರೆ ಏನಂತ ಕೇಳಬೇಕು?

ಮೈಸೂರಿನಿಂದ ಒಬ್ಬರು: ಮೊದಲು ಲೇಬಲ್ ನೋಡಿ. ಫ್ಯೂಷನ್‌ನಲ್ಲಿ ಆಲ್ಕೋಹಾಲ್ 50%. ನಿಮ್ಮ ತಂದೆಯವರಿಗೆ ರೂಢಿ ಇರೋದು ಬಹುಶಃ 42.8%. ಇದನ್ನ ಗಮನಿಸದೆ ನಾನು ನಮ್ಮ ಮಾವನಿಗೆ ರಾ, ಅಂದರೆ ಏನೂ ಬೆರೆಸದೆ ಕೊಟ್ಟುಬಿಟ್ಟೆ. ಮೊದಲ ಗುಟುಕಿಗೇ ಕೆಮ್ಮು ಹತ್ತಿತು, ಲೋಟ ಪಕ್ಕಕ್ಕಿಟ್ಟವರು ಮತ್ತೆ ಮುಟ್ಟಲಿಲ್ಲ. ಇವತ್ತಿಗೂ ಬೇಜಾರಾಗುತ್ತೆ.

30 ಎಂಎಲ್‌ಗೆ ಒಂದೂವರೆ ಟೀ ಚಮಚ ನೀರು ಹಾಕಿ, ಸುಮಾರು 40%ಗೆ ಇಳಿಯುತ್ತೆ. ಫ್ರಿಜ್ ನೀರು ಬೇಡ, ತಣ್ಣಗಾದಷ್ಟೂ ಪರಿಮಳ ಮುಚ್ಚಿಹೋಗುತ್ತೆ. ನೀರು ಬಿದ್ದಾಗ ಲೋಟವನ್ನ ಬೆಳಕಿಗೆ ಹಿಡಿದು ತೋರಿಸಿ, ಎಣ್ಣೆಯ ಎಳೆಯಂಥ ಗೆರೆಗಳು ಸುತ್ತಿ ಸುತ್ತಿ ಕರಗುತ್ತವೆ. ಐದು ನಿಮಿಷ ಬಿಟ್ಟು, ಮೂಗು ಒಳಗೆ ತೂರಿಸದೆ, ಗದ್ದದ ಹತ್ತಿರ ಹಿಡಿದು ಮೂಸಲಿ. ಹಂಡೆ ಒಲೆ ಆರಿದ ಮೇಲೆ ಬಚ್ಚಲುಮನೆಯಲ್ಲಿ ಉಳಿಯೋ ಹೊಗೆ ನೆನಪಿದೆಯಲ್ಲ, ನನಗೆ ಮೊದಲು ಬರೋದು ಅದೇ. ಅದರ ಹಿಂದೆ ಒಣದ್ರಾಕ್ಷಿ. ನಮ್ಮ ದೇಶದ ಬಾರ್ಲಿಯ ಜೊತೆ, ಪೀಟ್ (ಉರುವಲಾಗಿ ಸುಡೋ ಜೌಗು ನೆಲದ ಮಣ್ಣು) ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯೂ ಸೇರಿರೋದರಿಂದ ಆ ಹೊಗೆ.

ಖಾರದ ಕಬಾಬ್, ಉಪ್ಪಿನಕಾಯಿ ಎರಡನೇ ಪೆಗ್‌ಗೆ ಇರಲಿ. ಮೊದಲನೆಯದಕ್ಕೆ ಹುರಿದ ಗೋಡಂಬಿ ಸಾಕು.

ಗ್ಲಾಸ್ಗೋದಲ್ಲಿರುವ ಕನ್ನಡಿಗರು: ನೀರು ಹಾಕಿದರೆ ಅವಮಾನ ಅಂದ್ಕೋಬೇಡಿ. ಇಲ್ಲಿನ ಪಬ್‌ಗಳಲ್ಲಿ ನೀರಿನ ಪುಟ್ಟ ಜಗ್ಗು ಕೌಂಟರ್ ಮೇಲೇ ಇರುತ್ತೆ. ಒಂದು ಅಳತೆ ಅಂದರೆ 25 ಅಥವಾ 35 ಎಂಎಲ್, ಅದನ್ನೇ ಅರ್ಧ ಗಂಟೆ ಹಿಡಿದು ಕೂರುತ್ತಾರೆ. ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದೂ ಈ ಊರಲ್ಲೇ. ಲೇಬಲ್ ಮೇಲೆ "12 ವರ್ಷ" ಅಂತ ಪೀಪಾಯಿಯಲ್ಲಿಟ್ಟ ವಯಸ್ಸು ಇಲ್ಲವಲ್ಲ ಅಂತ ನಿಮ್ಮ ತಂದೆ ಕೇಳಿದರೆ ಹೀಗೆ ಹೇಳಿ: ಇಲ್ಲಿಯ ಚಳಿಗೆ ಪೀಪಾಯಿಂದ ವರ್ಷಕ್ಕೆ 2% ಆಸುಪಾಸು ಆವಿಯಾಗುತ್ತೆ, ಅಮೃತ್ ತಯಾರಾಗೋ ಬೆಂಗಳೂರಿನ ಹವೆಗೆ 10% ಮೀರುತ್ತೆ. ಅಲ್ಲಿ ಮಾಲ್ಟ್ ಬೇಗ ಹದಕ್ಕೆ ಬರುತ್ತೆ, ಹೆಚ್ಚು ವರ್ಷ ಬಿಟ್ಟರೆ ಪೀಪಾಯಿಯೇ ಬರಿದಾಗುತ್ತೆ.

ಬೆಂಗಳೂರಿನಿಂದ: ಬಾರಲ್ಲಿ ರೇಟ್ ಕೇಳಿಕೊಂಡೇ ಆರ್ಡರ್ ಮಾಡಿ. "ಒಂದು ಸ್ಮಾಲ್, ಬಾಟಲಿ ಟೇಬಲ್‌ಗೆ ತಂದು ಅಳೆದು ಹಾಕಿ, ನೀರು ಬೇರೆ ಕೊಡಿ" ಅನ್ನಿ (ಸ್ಮಾಲ್ ಅಂದರೆ 30 ಎಂಎಲ್). ಒಂದು ಕಡೆ ನಾನು ಬಾಯಿ ತೆರೆಯೋ ಮೊದಲೇ ವೇಟರ್ ಅರ್ಧ ಲೋಟ ಸೋಡಾ ಸುರಿದಾಗಿತ್ತು. ಹುಡುಗನ ತಪ್ಪಲ್ಲ, ಎಲ್ಲರೂ ಹಾಗೇ ಕೇಳ್ತಾರೆ. ಆದರೂ ಅಪ್ಪಾಜಿಗೆ ಸೋಡಾನೇ ಇಷ್ಟ ಅಂದರೆ ಬಲವಂತ ಬೇಡ, ಅವರ ಹುಟ್ಟುಹಬ್ಬ ಅದು.

ಹುಬ್ಬಳ್ಳಿಯಿಂದ: ತಂದೆಯವರು ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೊಗೊಳ್ತಾರಾ? ಹಾಗಿದ್ದರೆ ಡಾಕ್ಟರ್ ಹತ್ತಿರ ಮೊದಲೇ ಕೇಳಿ. ಖಾಲಿ ಹೊಟ್ಟೆಯಲ್ಲಂತೂ ಬೇಡವೇ ಬೇಡ, ಶುಗರ್ ಒಮ್ಮೆಲೇ ಇಳಿಯಬಹುದು. ಬಾರಿಂದ ಆಟೋದಲ್ಲಿ ಬನ್ನಿ.

ಪ್ರಶ್ನೆ ಕೇಳಿದವರು: ಬಿಪಿ ಮಾತ್ರೆ ಒಂದೇ ಇದೆ, ನಾಳೆನೇ ಡಾಕ್ಟರನ್ನ ಕೇಳ್ತೀನಿ. ಬಾಟಲಿ ಬೀರುವಿನಲ್ಲಿ ಮಲಗಿಸಿಟ್ಟಿದ್ದೀನಿ, ಪರವಾಗಿಲ್ವಾ?

ಮೈಸೂರಿನವರು: ಈಗಲೇ ಎದ್ದು ನಿಲ್ಲಿಸಿಡಿ. ಕಾರ್ಕ್ ಇದ್ದರೆ ಮಲಗಿಸಿದಾಗ ಮದ್ಯ ಅದನ್ನ ತಿಂದು ಪುಡಿ ಮಾಡುತ್ತೆ. ಬಿಸಿಲು ಬೀಳದ ಜಾಗ ಇರಲಿ.