ಬರ್ಗಿಯಾ ಮೊಟ್ಟೆಸುರುಳಿ ಖಾಲಿ, ಮರಿ ಒಂದೂ ಇಲ್ಲ!

ಉಪ್ಪುನೀರು_ಬೆಂಗಳೂರು:
ನಮಸ್ಕಾರ. 40 ಲೀಟರಿನ ಸಣ್ಣ ರೀಫ್ ಟ್ಯಾಂಕು (ಉಪ್ಪುನೀರಲ್ಲಿ ಹವಳ ಸಾಕೋದು). ಟ್ಯಾಂಕಲ್ಲಿ ಕಳೆ ಥರ ಹಬ್ಬೋ ಐಪ್ಟೇಸಿಯಾ ಅನ್ನೋ ಸೀ ಅನಿಮೋನ್ ಕಾಟ ತಡೆಯೋಕಾಗದೆ, ಅದನ್ನೇ ತಿನ್ನೋ ಬರ್ಗಿಯಾ ಸ್ಲಗ್ (ಚಿಪ್ಪಿಲ್ಲದ ಸಮುದ್ರ ಬಸವನಹುಳು) ನಾಲ್ಕು ತಂದುಬಿಟ್ಟೆ. ಎರಡೇ ವಾರಕ್ಕೆ ಗಾಜಿನ ಮೇಲೆ ಬಿಳಿ ದಾರ ಸುತ್ತಿದ ಹಾಗೆ ಮೊಟ್ಟೆಸುರುಳಿ. 12ನೇ ದಿನ ನೋಡಿದ್ರೆ ಬರೀ ಖಾಲಿ ಲೋಳೆ. ಒಂದು ವಾರ ಆಯ್ತು, ಮರಿ ಕಾಣಲ್ಲ. ನೀರು 25 ಡಿಗ್ರಿ. ಮೊಟ್ಟೆ ಜೊಳ್ಳಾ? ಲಾರ್ವಾಕ್ಕೆ ಪ್ಲಾಂಕ್ಟನ್ ಹಾಕಬೇಕಿತ್ತಾ?

ಮಲ್ಪೆ_ಮರಳು:
ಜೊಳ್ಳಲ್ಲ ಮಾರಾಯ್ರೆ, ಒಡೆದಿವೆ. ದಿನದ ಲೆಕ್ಕವೂ ಸರಿಯಾಗಿಯೇ ಉಂಟು. ಎಷ್ಟೋ ಸೀ ಸ್ಲಗ್‌ಗಳ ಲಾರ್ವಾ ವಾರಗಟ್ಟಲೆ ತೇಲಿಕೊಂಡು ಪಾಚಿಕಣ ತಿಂದು ಬೆಳೀತವೆ, ಅವನ್ನು ಮನೆಯಲ್ಲಿ ಸಾಕುವುದು ದೊಡ್ಡ ತಲೆನೋವು. ಬರ್ಗಿಯಾ ಹಾಗಲ್ಲ, ಮೊಟ್ಟೆಯಲ್ಲೇ ಬುತ್ತಿ ಕಟ್ಟಿಕೊಂಡು ಬರ್ತದೆ. ಪ್ಲಾಂಕ್ಟನ್ ಬೇಡ. ಪೊರೆಯೊಳಗೆ ವೆಲಿಜರ್ ಲಾರ್ವಾ ಆಗಿ, ಬಸವನಹುಳುವಿನ ಹಾಗೆ ಪುಟ್ಟ ಚಿಪ್ಪು ಹೊತ್ತು ಗಿರಗಿರ ತಿರುಗ್ತದೆ (ಲೆನ್ಸ್ ಇದ್ದರೆ ನೋಡಿ, ಊಟ ಮರೆತುಹೋಗ್ತದೆ). ಆಮೇಲೆ ಚಿಪ್ಪು ಕಳಚಿ ತೆವಳುವುದು. ಆಗ ಅದು ಒಂದು ಮಿಲಿಮೀಟರಿಗೂ ಕಡಿಮೆ, ಬೆನ್ನ ಮೇಲಿನ ಕುಚ್ಚೂ ಇರುವುದಿಲ್ಲ. ಬರಿಗಣ್ಣಿಗೆ ಕಾಣುವುದಾದರೂ ಹೇಗೆ?

ಪವರ್‌ಹೆಡ್ (ನೀರು ತಿರುಗಿಸುವ ಪಂಪ್) ಉಂಟಾ? ಸೀಗಡಿ ಏನಾದರೂ?

ಉಪ್ಪುನೀರು_ಬೆಂಗಳೂರು:
ಪವರ್‌ಹೆಡ್, ಫಿಲ್ಟರ್ ಫ್ಲಾಸ್ (ನೀರು ಸೋಸೋ ಹತ್ತಿಯಂಥದ್ದು) ಎರಡೂ ಇದೆ. ಪೆಪ್ಪರ್‌ಮಿಂಟ್ ಸೀಗಡಿ ಎರಡು. ಐಪ್ಟೇಸಿಯಾಗೆ ಡಬಲ್ ಡೋಸ್ ಇರಲಿ ಅಂತ 🙈

ಮಲ್ಪೆ_ಮರಳು:
ಆಯ್ತಲ್ಲ! ಸೀಗಡಿಗೆ ಮರಿಯೂ ಒಂದೇ, ಐಪ್ಟೇಸಿಯಾವೂ ಒಂದೇ. ಉಳಿದದ್ದನ್ನು ಪವರ್‌ಹೆಡ್ ಎಳೆದಿರ್ತದೆ.

ಮುಂದಿನ ಸುರುಳಿಯನ್ನು ಬ್ಲೇಡಿನಿಂದ ಮೆಲ್ಲಗೆ ಬಿಡಿಸಿ, ಟ್ಯಾಂಕಿನದೇ ನೀರಿರುವ ಜಾಡಿಗೆ ಹಾಕಿ. ಏರ್‌ಸ್ಟೋನ್ ಗುಳ್ಳೆ ನಿಧಾನ ಇರಲಿ, ದಿನಾ ಅರ್ಧ ನೀರು ಬದಲಿಸಿ. ಒಡೆದ ಎರಡು-ಮೂರು ದಿನಕ್ಕೆ ಐಪ್ಟೇಸಿಯಾ ಕೊಡಿ, ಆದರೆ ಕತ್ತರಿಸಿ. ಇಡೀ ದೊಡ್ಡದನ್ನು ಹಾಕಿದರೆ ಅದೇ ಮರಿಯನ್ನು ನುಂಗೀತು. ಉಳಿದ ತುಂಡು ಕೊಳೆಯುವ ಮುಂಚೆ ಪಿಪೆಟ್ಟಿನಲ್ಲಿ ತೆಗೀರಿ. ತಿಂದ ಮರಿ ಕಂದು ಬಣ್ಣಕ್ಕೆ ತಿರುಗ್ತದೆ, ಐಪ್ಟೇಸಿಯಾದೊಳಗಿನ ಪಾಚಿಯ ಬಣ್ಣ ಅದು. ಬಿಳಿಯಾಗಿಯೇ ಇದ್ದರೆ ಹಸಿದಿದೆ ಅಂತ ತಿಳ್ಕೊಳ್ಳಿ. ಒಂದು ಸೆಂಟಿಮೀಟರ್ ಆಗುವ ತನಕ ಟ್ಯಾಂಕಿಗೆ ಬೇಡ.

ಕೋರಲ್_ಕಿಟ್ಟಿ:
ನನ್ನ ಹತ್ರ ಒಂದೇ ಉಳಿದಿದೆ, ಆದ್ರೂ ಮೊಟ್ಟೆ ಇಡ್ತಿದೆ. ಗಂಡು ಬೇಡ್ವಾ?

ಮಲ್ಪೆ_ಮರಳು:
ಪ್ರತಿಯೊಂದೂ ಗಂಡೂ ಹೌದು ಹೆಣ್ಣೂ ಹೌದು, ಆದರೂ ಸಾಮಾನ್ಯವಾಗಿ ಜೊತೆ ಬೇಕು. ಹಿಂದೆ ಕೂಡಿದಾಗಿನ ವೀರ್ಯ ಕೂಡಿಟ್ಟುಕೊಂಡಿರ್ತದೆ. ಅದು ಮುಗಿಯುವ ಮುಂಚೆ ಇನ್ನೊಂದು ತನ್ನಿ.

ಉಪ್ಪುನೀರು_ಬೆಂಗಳೂರು:
ಅಪ್‌ಡೇಟ್: ರಾತ್ರಿ ಫ್ಲಾಸ್ ತೆಗೆದು ಬಿಳಿ ತಟ್ಟೆ ನೀರಲ್ಲಿ ಅಲ್ಲಾಡಿಸಿ ಟಾರ್ಚ್ ಹಾಕಿದೆ. ಅಕ್ಕಿನುಚ್ಚಿಗಿಂತ ಸಣ್ಣವು, ಎರಡು ತೆವಳ್ತಿದ್ವು! ಒಂದು ಕಂದು, ಒಂದು ಇನ್ನೂ ಬಿಳಿ. ಎರಡೂ ಜಾಡಿಗೆ ಹೋದ್ವು, ಸೀಗಡಿಗಳು ಬಕೆಟ್ಟಿಗೆ.